ವಾಲ್ವು ತಣಿಯುವ ಬೂದಿ

ನಾನು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಹೆಂಡತಿಯನ್ನೂ ಮಗಳನ್ನೂ ಹೊಡೆಯುತ್ತಿದ್ದೆ ಎಂದು ಬರೆದ ಕೂಡಲೇ ಓದುವವರು ತಾವಾಗಿಯೇ ಒಂದು ಬಾಟಲಿಯನ್ನು ನನ್ನ ಕೈಗೆ ಕೊಡುತ್ತಾರೆ, ಆಮೇಲೆ ಅರ್ಧ ತಪ್ಪು ಆ ಬಾಟಲಿಯ ಪಾಲಿಗೆ ಹೋಗುತ್ತದೆ. ನಾನು ಬೀಡಿಯನ್ನೂ ಸೇದಿದವನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದೆ. ಚಳ್ಳಕೆರೆಯ ಲಾರಿಯವರು ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೊಡೆದದ್ದೆಲ್ಲ ಪೂರ್ತಿ ಎಚ್ಚರದಲ್ಲಿ ಹೊಡೆದದ್ದು. ನಾನು ಹುಟ್ಟಿ ಬೆಳೆದ ಮನೆಯನ್ನು ಕುರಿತು ಬರೆಯುವುದು ಸುಲಭ, ಅಲ್ಲಿ ಪೆಟ್ಟು ತಿಂದವನು ನಾನು. ಈ ಅಧ್ಯಾಯದಲ್ಲಿ ಬರೆಯಬೇಕಾಗಿರುವುದು ನನ್ನ ಒಬ್ಬಳೇ ಮಗಳು ಮಂಜುಳ ಬೆಳೆದ ಮನೆಯನ್ನು. ಅವಳ ಬಾಲ್ಯವನ್ನು ಅವಳೇ ಬರೆದುಕೊಳ್ಳಬೇಕಿತ್ತು. ಆದರೆ ಅದರಲ್ಲಿ ಒಂದು ಸಂಗತಿ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ.

ಬಳ್ಳಾರಿ ರಸ್ತೆಗೆ ಮುಖ ಮಾಡಿದ್ದ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡ ಮನೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಕದವಿಲ್ಲದ ಬಾಗಿಲು. ಅಡುಗೆಮನೆಯಲ್ಲಿ ನಿಂತರೆ ನನ್ನ ಬೆನ್ನು ಕಾಣುತ್ತಿತ್ತು, ನಾನು ತಿರುಗಿದರೆ ಒಲೆ ಕಾಣುತ್ತಿತ್ತು. ಇನ್ನೊಂದು ಕೋಣೆಯಲ್ಲಿ ಅಕ್ಕಿ ಚೀಲ, ಟ್ರಂಕು, ಹಾಸಿಗೆ ಸುರುಳಿ, ನನ್ನ ಹೆಂಡತಿ ಮಾರಕ್ಕ ತವರಿಂದ ತಂದ ಎರಡು ಕರಿ ಕಂಬಳಿ. ಆಗ ನಾವು ಬೆಸುಗೆಗೆ ಬೇಕಾದ ಗ್ಯಾಸನ್ನು ಶೆಡ್ಡಿನಲ್ಲೇ ತಯಾರಿಸುತ್ತಿದ್ದೆವು. ಒಂದು ಡಬ್ಬಿಯಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿದ್ದರೆ ಗ್ಯಾಸು ಮೇಲೆದ್ದು ಪೈಪಿಗೆ ಹೋಗುತ್ತದೆ, ತಳದಲ್ಲಿ ಬಿಳಿ ಸುಣ್ಣದ ಕೆಸರು ಉಳಿಯುತ್ತದೆ. ಆ ಕೆಸರಿನಿಂದಲೇ ಪ್ರತಿ ವರ್ಷ ಮನೆಗೆ ಸುಣ್ಣ ಬಳಿಯುತ್ತಿದ್ದೆವು. ಗೋಡೆಗಳು ಹಾಲಿನಂತೆ ಬೆಳ್ಳಗಿರುತ್ತಿದ್ದವು, ಕೊಳೆತ ಬೆಳ್ಳುಳ್ಳಿಯ ಹಾಗೆ ನಾರುತ್ತಿದ್ದವು. ಬೀದಿಯಿಂದ ಕಡಲೇಕಾಯಿ ಎಣ್ಣೆ ಮಿಲ್ಲಿನ ಹಿಂಡಿ ವಾಸನೆ, ಮನೆಯೊಳಗೆ ಈ ವಾಸನೆ. ಮಂಜುಳ ಸ್ಕೂಲಿನಲ್ಲಿ ಒಬ್ಬಳೇ ಬೆಂಚಿನ ತುದಿಗೆ ಕೂರುತ್ತಿದ್ದಳಂತೆ. ಅದನ್ನು ಆಗ ನನಗೆ ಹೇಳುವ ಧೈರ್ಯ ಯಾರಿಗಿತ್ತು.

ನನ್ನ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಆ ಮನೆ ನಡೆಯುತ್ತಿದ್ದದ್ದೇ ಅದರ ಲೆಕ್ಕದಲ್ಲಿ. ಲಾರಿ, ಟ್ರ್ಯಾಕ್ಟರು, ಬೋರ್‌ವೆಲ್ ರಿಗ್ಗುಗಳ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಬಾಯನ್ನು ತೆಗೆದು ಮುಚ್ಚುವ ವಾಲ್ವು ಅಣಬೆಯ ಹಾಗಿರುತ್ತದೆ. ಉದ್ದನೆಯ ಕಾಂಡ, ಅಗಲವಾದ ತಲೆ. ಆ ತಲೆಯ ಅಂಚು ಬೆಂಕಿಯಲ್ಲಿ ಬೇಯುತ್ತ, ಬಡಿಯುತ್ತ ಸವೆದುಹೋಗುತ್ತದೆ. ಹೊಸದನ್ನು ಹಾಕುವ ಬದಲು ಸವೆದ ಅಂಚನ್ನು ಕಡೆದು, ಅಲ್ಲಿಗೆ ಕೋಬಾಲ್ಟ್ ಬೆರೆತ ಗಟ್ಟಿ ಲೋಹದ ಕಡ್ಡಿಯನ್ನು ಗ್ಯಾಸಿನ ಉರಿಯಲ್ಲಿ ಕರಗಿಸಿ ಒಂದು ಪಟ್ಟಿಯಾಗಿ ಕೂರಿಸುವುದು ನನ್ನ ಕಸುಬು. ಹೊಸಪೇಟೆಯ ಒಬ್ಬ ಸಾಬರ ಬಳಿ ಆರು ವರ್ಷ ಇದ್ದು ಕಲಿತೆ. ಉರಿಯಲ್ಲಿ ಗ್ಯಾಸು ಸ್ವಲ್ಪ ಹೆಚ್ಚಿರಬೇಕು, ನೀಲಿ ಮೊನೆಯ ಸುತ್ತ ಬಿಳಿ ಗರಿ ಬಿಚ್ಚಿಕೊಂಡಿರಬೇಕು. ಆ ಗರಿಯನ್ನು ಅಂಚಿನ ಮೇಲೆ ಆಡಿಸುತ್ತಾ ಹೋದರೆ ಒಂದು ಕ್ಷಣದಲ್ಲಿ ಉಕ್ಕು ಬೆವರುತ್ತದೆ. ಕರಗುವುದಲ್ಲ, ಮೈಮೇಲೆ ತೆಳ್ಳಗೆ ಒದ್ದೆಯಾದಂತೆ ಹೊಳೆಯುತ್ತದೆ. ಅದೇ ಗಳಿಗೆಗೆ ಕಡ್ಡಿ ಮುಟ್ಟಿಸಬೇಕು. ಒಂದು ಉಸಿರು ಮುಂಚೆ ಮುಟ್ಟಿಸಿದರೆ ಹಿಡಿಯುವುದಿಲ್ಲ, ಒಂದು ಉಸಿರು ತಡವಾದರೆ ಅಂಚೇ ಕರಗಿ ಇಳಿಯುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಶೆಡ್ಡಿನಲ್ಲಿ ಉರಿ ಹೊತ್ತಿದ ‘ಟಪ್’ ಶಬ್ದ ಕೇಳಿದ ಮೇಲೆ ಅದು ಆರುವವರೆಗೆ ಮನೆಯಲ್ಲಿ ಯಾರೂ ಮಾತಾಡಬಾರದು, ಪಾತ್ರೆ ಸದ್ದಾಗಬಾರದು, ಕೆಮ್ಮಬಾರದು. ಮಾರಕ್ಕ ದೊಡ್ಡಉಳ್ಳಾರ್ತಿಯ ಕುರಿ ಸಾಕುವವರ ಮನೆಯ ಹುಡುಗಿ. ಕುರಿ ಮೇಯುವ ಕಾವಲಿನ ಈ ತುದಿಯಿಂದ ಆ ತುದಿಗೆ ಕೂಗಿ ಕುರಿ ಕರೆದ ಗಂಟಲು ಅವಳದು. ಮದುವೆಯಾದ ಹೊಸತರಲ್ಲಿ, ನಾನು ಟ್ರ್ಯಾಕ್ಟರಿನ ವಾಲ್ವಿನ ಅಂಚು ಬೆವರುವುದನ್ನೇ ಕಾಯುತ್ತಿದ್ದಾಗ, ಅವಳು ಒಳಗಿನಿಂದ ಕೂಗಿದಳು.

“ಮುದ್ದೆ ಆರ್ತೈತೆ, ಬರ್ರಿ!”

ನನ್ನ ಕೈ ಅಲುಗಿತು, ಅಂಚು ಕರಗಿ ಹನಿಯಾಗಿ ನೆಲಕ್ಕೆ ಬಿತ್ತು. ಉರಿ ಆರಿಸಿದೆ. ಗೂಟಕ್ಕೆ ನೇತುಹಾಕಿದ್ದ ಹಳೆಯ ರಬ್ಬರ್ ಪೈಪಿನ ತುಂಡನ್ನು ತೆಗೆದುಕೊಂಡು ಒಳಗೆ ಹೋದೆ. ಅವಳು ನಗುತ್ತಾ ತಟ್ಟೆ ಹಿಡಿದು ನಿಂತಿದ್ದಳು. ಆ ನಗು ಅವಳ ಮುಖದಲ್ಲಿ ಇನ್ನೂ ಇರುವಾಗಲೇ ಮೊದಲ ಏಟು ಬಿತ್ತು. ಮುದ್ದೆ ಉರುಳಿ ಒಲೆಯ ಬೂದಿಗೆ ಹೋಯಿತು. ಎಷ್ಟು ಹೊಡೆದೆ ಎಂದು ನೆನಪಿಲ್ಲ. ಹೊಡೆದು ಮುಗಿಸಿ, ಕೈ ತೊಳೆದು, ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡೆ ಎಂಬುದು ನೆನಪಿದೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಅದನ್ನೂ ಹೇಳಿದೆ.

ಅಲ್ಲಿಂದ ಮುಂದೆ ಮಾರಕ್ಕನ ಗಂಟಲು ಇಳಿಯಿತು. ಮಂಜುಳ ಹುಟ್ಟಿ ಬೆಳೆದದ್ದು ಪಿಸುಮಾತಿನಲ್ಲಿ. ತಾಯಿ ಮಗಳು ಕೈಸನ್ನೆಯಲ್ಲೇ ಒಂದು ಭಾಷೆ ಮಾಡಿಕೊಂಡಿದ್ದರು. ಹೆಬ್ಬೆರಳು ತೋರುಬೆರಳು ಉಜ್ಜಿದರೆ ಉಪ್ಪು, ಅಂಗೈ ಮಗುಚಿದರೆ ಇನ್ನೊಂದು ರೊಟ್ಟಿ, ಹಣೆ ಮುಟ್ಟಿಕೊಂಡರೆ ನಾನು. ನಾನು ಕಪ್ಪು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಊಟಕ್ಕೆ ಬರುತ್ತಿದ್ದೆನಲ್ಲ, ಅದಕ್ಕೆ. ಕನ್ನಡಕ ಕೊರಳಿಗೆ ಇಳಿದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದೂ, ಹಣೆಯ ಮೇಲೇ ಇದ್ದರೆ ಗೋಡೆಗೆ ಒತ್ತಿಕೊಂಡು ಕೂರಬೇಕೆಂದೂ ಮಗು ನಾಲ್ಕು ವರ್ಷಕ್ಕೇ ಕಲಿತಿತ್ತು. ಅದು ಒಂದು ಸಲ ನೀರಿನ ಚೊಂಬು ಬೀಳಿಸಿತು. ಉರಿ ಹೊತ್ತಿರಲಿಲ್ಲ, ಕೆಲಸ ಕೆಟ್ಟಿರಲಿಲ್ಲ. ಆದರೂ ಅದರ ಕೂದಲು ಹಿಡಿದು ಎತ್ತಿ, ಚೊಂಬು ಬಿದ್ದ ಜಾಗಕ್ಕೆ ಮುಖ ಹಚ್ಚಿದೆ. ನನ್ನಪ್ಪ ನನಗೆ ಹಾಗೆ ಮಾಡುತ್ತಿದ್ದ ಎಂದು ಬರೆದರೆ ಸುಳ್ಳಲ್ಲ, ಆದರೆ ಅದು ಇಲ್ಲಿ ಬೇಡ.

ಮಾರಕ್ಕನ ತಮ್ಮ ಈರಣ್ಣ ಒಮ್ಮೆ ಕುರಿ ಮಂದೆಯನ್ನು ಊರಾಚೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದ. ಊಟಕ್ಕೆ ಕೂತವನು ಅಕ್ಕನನ್ನು ನೋಡಿದ, ನನ್ನನ್ನು ನೋಡಿದ.

“ಏನ್ ಭಾವ, ನಮ್ಮಕ್ಕ ಕಾವಲಿನಾಗೆ ಒಂದು ಕೂಗು ಹಾಕಿದ್ರೆ ಮೂರೂರಿನ ಕುರಿ ಓಡಿ ಬರ್ತಿದ್ವು. ಈಗ ಬಾಯಾಗೆ ಏನ್ ಇಟ್ಕಂಡೈತೆ? ಎಲೆ ಅಡಿಕೇನಾ?”

“ನಿಮ್ಮಕ್ಕ ಪ್ಯಾಟೆ ನಡವಳಿಕೆ ಕಲ್ತಾಳೆ ಕಣಲೇ. ನೀನೂ ಕಲಿ,” ಎಂದೆ.

“ನಾನು ಕಲ್ತ್ರೆ ನನ್ನ ಕುರಿ ನನ್ನ ಮಾತು ಕೇಳಲ್ಲ ಬಿಡು.”

ಮಂಜುಳ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈರಣ್ಣ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಆ ನಗುವಿಗೆ ಹೊಡೆದೆ.

ಇನ್ನು ಬೂದಿಯ ವಿಷಯ. ಗಟ್ಟಿ ಲೋಹ ಕೂರಿಸಿದ ವಾಲ್ವು ಮೆಲ್ಲಗೆ ತಣಿಯಬೇಕು. ಗಾಳಿ ಬಡಿದರೂ ಸಾಕು, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದಕ್ಕೆ ಒಲೆಯ ಬೂದಿಗೆ ಒಣಗಿದ ಕಾರ್ಬೈಡ್ ಸುಣ್ಣ ಬೆರೆಸಿ ಒಂದು ಡ್ರಮ್ಮಿನಲ್ಲಿ ತುಂಬಿ, ಬಿಸಿ ಮಾಡಿ, ಕೆಂಪಗಿರುವಾಗಲೇ ವಾಲ್ವನ್ನು ಅದರೊಳಗೆ ಹೂತುಬಿಡುತ್ತಿದ್ದೆ. ಮರುದಿನ ಬೆಳಿಗ್ಗೆಯ ತನಕ ಮುಟ್ಟುವಂತಿಲ್ಲ. ಡ್ರಮ್ಮು ಅಡುಗೆಮನೆಯ ಬಾಗಿಲ ಬಳಿಯೇ ಇತ್ತು. ಮಾರಕ್ಕ ಒಲೆಯ ಬೂದಿಯನ್ನು ಅದಕ್ಕೆ ಹಾಕುತ್ತಿದ್ದಳು, ಪಾತ್ರೆ ತಿಕ್ಕಲು ಅದರಿಂದಲೇ ಹಿಡಿ ಬೂದಿ ತೆಗೆಯುತ್ತಿದ್ದಳು. ಮುಚ್ಚಳ ತೆರೆದಿದ್ದರೆ ಬೂದಿ ತೆಗೆಯಬಹುದು. ಮುಚ್ಚಳ ಹಾಕಿದ್ದರೆ ಒಳಗೆ ವಾಲ್ವು ಇದೆ, ಮುಟ್ಟಕೂಡದು. ಇದು ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅವರಿಬ್ಬರೂ ಒಂದು ದಿನವೂ ಅದನ್ನು ಮೀರಿದವರಲ್ಲ.

ಮೊಳಕಾಲ್ಮೂರು ಕಡೆಯ ಒಬ್ಬ ರಿಗ್ಗಿನ ಮಾಲೀಕನಿದ್ದ. ವೆಂಕಟೇಶಲು ಎಂದು ಕರೆಯುತ್ತೇನೆ. ಎತ್ತರದ ಆಳು, ತೆಲುಗು ಕನ್ನಡ ಬೆರೆಸಿ ಮಾತಾಡುತ್ತಿದ್ದ, ಹೊರಗೆ ಜೀಪು ನಿಲ್ಲಿಸಿ ಹಾರ್ನು ಒತ್ತುತ್ತಲೇ ಇರುತ್ತಿದ್ದ. ಅವನ ರಿಗ್ಗಿನ ಎಂಜಿನ್ನಿನ ಆರು ವಾಲ್ವು ಕೊಟ್ಟು ಅದೇ ಸಂಜೆಗೆ ಬೇಕೆಂದ. ಆಗುವುದಿಲ್ಲ, ಬೂದಿಯಲ್ಲಿ ಒಂದು ರಾತ್ರಿ ಇರಬೇಕು ಎನ್ನಬೇಕಿತ್ತು. ಊರಿಗೆಲ್ಲ ಹಾಗೆ ಹೇಳಿದವನೇ ನಾನು. ಆದರೆ ಅವನು, “ಮೇಷ್ಟ್ರ ಕೈಲಿ ಆಗಲ್ಲ ಅಂದ್ರೆ ಬಳ್ಳಾರೀಗೆ ಕಳಿಸ್ತೀನಿ ಬಿಡು,” ಎಂದು ನಕ್ಕ. ಆ ನಗು ಸಹಿಸಲಾಗಲಿಲ್ಲ. ಹೂಂ ಎಂದೆ.

ಮಧ್ಯಾಹ್ನದ ಹೊತ್ತಿಗೆ ಆರಕ್ಕೂ ಲೋಹ ಕೂರಿಸಿ ಬೂದಿಗೆ ಹಾಕಿದೆ. ಎರಡು ಗಂಟೆ ಕಾದೆ. ಮಾರಕ್ಕ ಬಟ್ಟೆ ತೊಳೆಯಲು ಹೋಗಿದ್ದಳು, ಮಂಜುಳ ಸ್ಕೂಲಿನಲ್ಲಿದ್ದಳು. ನಾನೇ ಮುಚ್ಚಳ ತೆಗೆದೆ. ಐದು ವಾಲ್ವು ಹೇಗೋ ಆರುತ್ತಾ ಬಂದಿದ್ದವು. ಡ್ರಮ್ಮಿನ ನಡುವೆ ಇದ್ದ ಒಂದನ್ನು ಚಿಂದಿ ಸುತ್ತಿಕೊಂಡರೂ ಹಿಡಿಯಲಾಗುತ್ತಿರಲಿಲ್ಲ. ಅರೆಯುವ ಮೆಷಿನ್ನಿಗೆ ಕೂರಿಸಬೇಕು, ಹೊತ್ತು ಇಳಿಯುತ್ತಿದೆ. ಬಕೆಟ್ಟಿನ ನೀರಿಗೆ ಅದ್ದಿದೆ. ‘ಚಿಟ್’ ಎಂದಿತು. ಒಣಕಡ್ಡಿ ಮುರಿದಷ್ಟು ಸಣ್ಣ ಸದ್ದು. ಭೂತಗನ್ನಡಿ ಹಿಡಿದು ನೋಡಿದೆ. ಪಟ್ಟಿಯ ಮೇಲೆ ಅಡ್ಡಕ್ಕೆ ಒಂದು ಗೆರೆ. ನಾನು ಆ ಗೆರೆಯನ್ನು ಕಂಡೆ. ಕಂಡಮೇಲೂ ಮೆಷಿನ್ನಿಗೆ ಹಾಕಿ ಅರೆದೆ, ಪೇಸ್ಟು ಹಚ್ಚಿ ಉಜ್ಜಿದೆ. ಮೇಲ್ಮೈ ಬೂದುಬಣ್ಣಕ್ಕೆ ತಿರುಗಿ ನಯವಾಯಿತು, ಗೆರೆ ಕಣ್ಣಿಗೆ ಕಾಣದಂತಾಯಿತು. ಎಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟೆ. ವೆಂಕಟೇಶಲು ಬೆನ್ನು ತಟ್ಟಿದ.

ನಾಲ್ಕನೆಯ ದಿನ ಭಾನುವಾರ ಬೆಳಿಗ್ಗೆ ಜೀಪು ಬಂತು, ಹಾರ್ನು ಇಲ್ಲ. ಅವನ ಜೊತೆ ಇಬ್ಬರು. ಟವೆಲ್ಲಿನಿಂದ ಒಂದು ವಾಲ್ವಿನ ತಲೆಯ ಚೂರನ್ನು ತೆಗೆದು ನನ್ನ ಕಾಲ ಮುಂದೆ ಎಸೆದ. ಬೋರು ಕೊರೆಯುವಾಗಲೇ ಮುರಿದು ಸಿಲಿಂಡರಿನೊಳಗೆ ಬಿದ್ದು, ಪಿಸ್ಟನ್ನನ್ನು ತೂತು ಮಾಡಿ, ಎಂಜಿನ್ನನ್ನೇ ಸೀಳಿತ್ತು. ಸಿಡಿದ ಕಬ್ಬಿಣ ಹತ್ತಿರ ನಿಂತಿದ್ದ ಆಳಿನ ತೊಡೆಗೆ ನುಗ್ಗಿತ್ತು. ವೆಂಕಟೇಶಲು ನನ್ನ ಕೆನ್ನೆಗೆ ಹೊಡೆದ. ನಾನು ಬೆಂಚಿಗೆ ಒರಗಿದೆ, ಇನ್ನೊಂದು ಹೊಡೆದ. ಬದುಕಿನಲ್ಲಿ ಅಪ್ಪನ ಹೊರತು ನನ್ನನ್ನು ಹೊಡೆದವನು ಅವನೊಬ್ಬನೇ.

“ಏಮಯ್ಯಾ ಮೇಷ್ಟ್ರೇ, ಬೂದಿಯಾಗೆ ಇಟ್ಟಿದ್ಯಾ ಇಲ್ಲವೋ? ನಿಜ ಚೆಪ್ಪು.”

“ಇಟ್ಟಿದ್ದೆ ಧಣಿ.”

“ಇಟ್ಟಿದ್ರೆ ಹೆಂಗೆ ಬಿರೀತು? ಊರೆಲ್ಲಾ ಹೇಳ್ತೀನಿ, ಈ ಚಳ್ಳಕೆರೆಯಾಗೆ ನಿನ್ನ ಕೈಗೆ ಒಂದು ವಾಲ್ವು ಬರಬಾರದು.”

ಆಗ ನನ್ನ ಬಾಯಿಂದ ಬಂದ ಮಾತು ಇದು.

“ನಾನು ಇಲ್ದಾಗ ಮನೇಲಿ ಬೂದಿ ತೆಗ್ದವ್ರೆ ಧಣಿ. ಪಾತ್ರೆ ತಿಕ್ಕಾಕೆ.”

ಅವನು ಕದವಿಲ್ಲದ ಬಾಗಿಲಿನತ್ತ ನೋಡಿದ. ಮಾರಕ್ಕ ಅಲ್ಲಿ ರಾಗಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ವೆಂಕಟೇಶಲು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಬೆಂಚಿನ ಮೇಲೆ ಕೂತು, “ಹಂಗಾ?” ಎಂದ. ಕಾಲ ಮೇಲೆ ಕಾಲು ಹಾಕಿಕೊಂಡು ಕಾದ. ಅವನು ಏನನ್ನು ಕಾಯುತ್ತಿದ್ದಾನೆಂದು ನನಗೆ ಗೊತ್ತಾಯಿತು. ನಿಜವಾಗಿ ಬೂದಿ ತೆಗೆದ ಹೆಂಗಸಾದರೆ ಗಂಡ ಸುಮ್ಮನಿರುತ್ತಾನೆಯೇ? ಬೆಂಚಿನ ಮೇಲಿದ್ದ ಇಕ್ಕಳ ಕೈಗೆ ಸಿಕ್ಕಿತು.

ಈವರೆಗಿನ ಪೆಟ್ಟುಗಳಲ್ಲಿ ಸಿಟ್ಟಾದರೂ ಇತ್ತು. ಅವತ್ತು ನನ್ನಲ್ಲಿ ಸಿಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತವನಿಗೆ ಕಾಣುವಂತೆ ಹೊಡೆದೆ, ಅವನಿಗೆ ಕೇಳುವಂತೆ ಹೊಡೆದೆ. ಮಾರಕ್ಕ, “ನಾನಲ್ಲ ಕಣ್ರಿ, ದೇವರಾಣೆ ನಾನು ಮುಚ್ಚಳ ಮುಟ್ಟಿಲ್ಲ,” ಎಂದಳು. ಎಷ್ಟೋ ವರ್ಷದ ಮೇಲೆ ಅವಳು ಗಟ್ಟಿಯಾಗಿ ಆಡಿದ ಮಾತು ಅದು. ಆ ಮಾತು ಹೊರಗೆ ಕೇಳಬಾರದೆಂದು ಬಾಯ ಮೇಲೆ ಹೊಡೆದೆ. ಎರಡು ಹಲ್ಲು ಹೋದವು. ಬಿದ್ದವಳ ಪಕ್ಕೆಗೆ ಒದ್ದೆ. ಬಿಳಿ ಗೋಡೆಯ ಮೇಲೆ ರಕ್ತ ಸಿಡಿಯಿತು. ಬಹುಶಃ ಅವಳು ಅವತ್ತು ಸತ್ತೇ ಹೋಗುತ್ತಿದ್ದಳು. ಆಗ ಮೂಲೆಯಲ್ಲಿದ್ದ ಮಂಜುಳ ಓಡಿ ಬಂದು ಅವಳ ಮೇಲೆ ಬಿದ್ದಳು. ಹನ್ನೊಂದು ವರ್ಷದ ಹುಡುಗಿ.

“ಅವ್ವ ಅಲ್ಲಪ್ಪ, ನಾನು. ನಾನೇ ಬೂದಿ ತೆಗ್ದಿದ್ದು.”

ಇಕ್ಕಳ ಎತ್ತಿದ್ದೆ. ಅವಳು ಹೇಳುತ್ತಿರುವುದು ಸುಳ್ಳು ಎಂದು ಭೂಮಿಯ ಮೇಲೆ ನನ್ನಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಕೈ ನಿಲ್ಲಿಸಬಹುದಿತ್ತು. ಹಿಂದೆ ಬೆಂಚು ಕಿರುಗುಟ್ಟಿತು, ಅವನು ಬಗ್ಗಿ ನೋಡುತ್ತಿದ್ದ. ಇಕ್ಕಳ ಇಳಿಯಿತು. ಅವಳು ತಲೆಗೆ ಅಡ್ಡ ತಂದ ಬಲ ಮೊಣಕೈಗೆ ಬಿತ್ತು. ಆ ಸದ್ದನ್ನು ಬರೆಯಲಾರೆ.

“ಸಾಕು ಬಿಡಯ್ಯಾ, ಮಗು ಅದು,” ಎಂದು ವೆಂಕಟೇಶಲುವೇ ಎದ್ದು ಬಂದು ನನ್ನ ಕೈ ಹಿಡಿದ. ಹೊರಡುವಾಗ, “ಇನ್ಮೇಲೆ ಡ್ರಮ್ಮಿಗೆ ಬೀಗ ಹಾಕ್ಕೋ,” ಎಂದ. ಅವನು ನಂಬಿದ್ದ. ಊರಲ್ಲಿ ನನ್ನ ಹೆಸರು ಉಳಿಯಿತು. ವಾಲ್ವುಗಳು ಬರುತ್ತಲೇ ಇದ್ದವು, ಅವನದೂ ಬಂದವು.

ಆಸ್ಪತ್ರೆಗೆ ಹೋದರೆ ಹೇಗಾಯಿತೆಂದು ಕೇಳುತ್ತಾರೆಂದು ಹಳ್ಳಿಯ ಮೂಳೆ ಕಟ್ಟುವವನ ಬಳಿಗೆ ಕರೆದೊಯ್ದೆ. ಬಿದಿರು ದಬ್ಬೆ ಇಟ್ಟು ಮೊಟ್ಟೆಯ ಲೋಳೆ ಹಚ್ಚಿದ ಬಟ್ಟೆ ಸುತ್ತಿದ. ಮೂಳೆ ಕೂಡಿತು, ಕೀಲು ಮಡಚಲಿಲ್ಲ. ಕೈ ತಲೆಯವರೆಗೆ ಏರುವುದಿಲ್ಲ. ಅಂದಿನಿಂದ ಮದುವೆಯಾಗಿ ಹೋಗುವ ದಿನದ ತನಕ ಮಂಜುಳಳ ತಲೆಯನ್ನು ಅವಳ ಅವ್ವನೇ ಬಾಚಿದಳು. ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಮಗಳನ್ನು ಕೂರಿಸಿಕೊಂಡು, ಎಣ್ಣೆ ಹಚ್ಚಿ, ಮಾತಿಲ್ಲದೆ ಬಾಚುತ್ತಿದ್ದಳು. ನಾನು ಶೆಡ್ಡಿನಿಂದ ನೋಡುತ್ತಿದ್ದೆ. ಆಮೇಲೆ ನಾನು ಹೊಡೆಯಲಿಲ್ಲ. ಇದನ್ನು ಪುಣ್ಯದ ಖಾತೆಗೆ ಬರೆಯುತ್ತಿಲ್ಲ. ಹೊಡೆಯುವ ಅಗತ್ಯವೇ ಇರಲಿಲ್ಲ, ಇಬ್ಬರೂ ಅಷ್ಟು ನಿಶ್ಶಬ್ದವಾಗಿದ್ದರು.

ಒಂದು ದಿನ ಮಾರಕ್ಕ ನನಗೆ ಊಟ ಬಡಿಸುತ್ತಾ ಮೆಲ್ಲಗೆ ಹೇಳಿದಳು.

“ಹುಡುಗಿ ಅವತ್ತು ಸ್ಕೂಲಿಂದ ಉಣ್ಣಾಕೆ ಬಂದಾಗ ತಿಳೀದೆ ಬೂದಿ ತೆಗ್ದೈತೆ. ನಾನು ಅದಕ್ಕೆ ಒಂದು ಮಾತೂ ಅಂದಿಲ್ಲ. ನೀವೂ ಮನಸ್ಸಿನಾಗೆ ಇಟ್ಕಬ್ಯಾಡ್ರಿ.”

ಅವಳು ಮಗಳ ಮಾತನ್ನು ನಂಬಿದ್ದಳು. ತನ್ನ ಹಲ್ಲು ಹೋದದ್ದು ಮಗಳ ತಪ್ಪಿನಿಂದ ಎಂದುಕೊಂಡು, ಅದನ್ನು ಮಗಳಿಗೆ ತೋರಿಸದೆ ನುಂಗಿದ್ದಳು. “ಅವಳಲ್ಲ, ನಾನು,” ಎಂದರೆ ಮುಗಿಯುತ್ತಿತ್ತು. ತಟ್ಟೆಯಲ್ಲಿ ಹುರುಳಿ ಸಾರಿತ್ತು. ನಾನು, “ಆಯ್ತು ಬಿಡು,” ಎಂದೆ.

ಮಾರಕ್ಕ ಹೋದದ್ದು ಅದಾಗಿ ಹದಿನಾಲ್ಕು ವರ್ಷಕ್ಕೆ, ಹೊಟ್ಟೆಯ ಕಾಯಿಲೆಯಿಂದ. ಮಣ್ಣು ಮಾಡಿ ಬಂದ ಮೇಲೆ ಮಂಜುಳ ನನ್ನ ಮುಂದೆ ಬಂದು ಕೂತು ಹೇಳಿದಳು.

“ಈಗ ಹೇಳ್ತೀನಿ ಕೇಳಪ್ಪ. ಅವತ್ತು ಬೂದಿ ತೆಗ್ದಿದ್ದು ಅವ್ವನೇ. ಭಯಕ್ಕೆ ಅವಳು ಇಲ್ಲ ಅಂದ್ಲು. ನಾನು ಅಂತ ಹೇಳ್ದೆ ಇದ್ದಿದ್ರೆ ನೀನು ಅವಳ್ನ ಅವತ್ತೇ ಕಳಿಸಿರ್ತಿದ್ದೆ. ಹದಿನಾಲ್ಕು ವರ್ಷ ನಾನು ಉಳಿಸಿದ್ದು.”

ತಾಯಿ ಮಗಳ ತಪ್ಪೆಂದು ನಂಬಿದ್ದಳು, ಮಗಳು ತಾಯಿಯ ತಪ್ಪೆಂದು ನಂಬಿದ್ದಳು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಆ ಮಾತನ್ನು ಎತ್ತಲೇ ಇಲ್ಲ. ನಡುವೆ ನಾನು ಉಂಡುಕೊಂಡು ಇದ್ದೆ. ಅವತ್ತೂ ನಾನು ಹೇಳಲಿಲ್ಲ.

ಮಂಜುಳ ಈಗ ಮೊಳಕಾಲ್ಮೂರಿನಲ್ಲಿ ಇದ್ದಾಳೆ. ಮಗ್ಗದ ಮನೆ. ಗಂಡ ರೇಷ್ಮೆ ಸೀರೆ ನೇಯುತ್ತಾನೆ, ಇವಳು ಎಡಗೈಯಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾಳೆ. ಇಷ್ಟನ್ನೂ ಬರೆದುಕೊಂಡು ಹೋದ ವಾರ ಅವಳ ಬಳಿ ಹೋದೆ. ಗಂಡ ಹೊರಗೆ ಹೋಗಿದ್ದ. ಓದಿ ಹೇಳಿದೆ. ಅವಳು ರಾಟೆ ನಿಲ್ಲಿಸದೆ ಕೇಳಿದಳು. ನೀರಿಗೆ ಅದ್ದಿದ ಜಾಗ ಬಂದಾಗ ರಾಟೆ ನಿಂತಿತು. ಕೊನೆಯವರೆಗೂ ಓದಿದೆ.

“ಅವ್ವ ನಾನೇ ತೆಗ್ದೆ ಅಂತ ಅಂದ್ಕಂಡೇ ಸತ್ಲಾ?” ಎಂದಳು.

“ಹೂಂ.”

“ಅವಳಿಗೆ ಹೇಳಿದ್ಯಾ, ಕಡೇ ದಿನದಾಗೆ ಆದ್ರೂ?”

“ಇಲ್ಲ.”

ಕೈಯಲ್ಲಿದ್ದ ನೂಲು ಬಿಟ್ಟು ಮಾತಾಡಿದಳು. ದನಿ ಏರಲಿಲ್ಲ, ಆ ಮನೆಯಲ್ಲಿ ಬೆಳೆದವಳಿಗೆ ಏರುವುದಿಲ್ಲ.

“ಒಂಬತ್ತು ವರ್ಷ ನನ್ನ ತಲೆ ಬಾಚಿದ್ಲು. ನನ್ನ ಉಳಿಸಿದ್ಲಲ್ಲ ಮಗಳು ಅಂತ ಪ್ರೀತಿಗೆ ಬಾಚ್ತಾಳೆ ಅಂದ್ಕಂಡಿದ್ದೆ ನಾನು. ಅವಳು ನನ್ನ ತಪ್ಪು ಹೊಟ್ಟೆಗೆ ಹಾಕ್ಕಂಡು ಬಾಚ್ತಿದ್ಲು.”

“ನೀನು ಅಡ್ಡ ಬರದಿದ್ರೆ ಅವಳು ಉಳೀತಿರ್ಲಿಲ್ಲ ಮಗ. ಅದಂತೂ ನಿಜ.”

“ಅದು ನಿನಗೆ ಗೊತ್ತು. ಅವಳಿಗೆ ಗೊತ್ತಿರ್ಲಿಲ್ಲವಲ್ಲಪ್ಪ.”

ಎಡಗೈಯಿಂದ ನೂಲಿನ ತುದಿ ಹುಡುಕಿ ಹಿಡಿದುಕೊಂಡಳು. ನನ್ನನ್ನು ನೋಡದೆ ಕೇಳಿದಳು.

“ಹೇಳ್ಕಂಡಿದ್ದಕ್ಕೆ ನಿನಗೆ ಹಗುರಾಯ್ತಾ?”

ಇಷ್ಟೆಲ್ಲ ಆದ ಮೇಲೆ ಅವಳಿಗೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

“ಆಯ್ತು,” ಎಂದೆ.

“ಹಂಗಾದ್ರೆ ಹೊರಡು. ಬಸ್ಸಿಗೆ ಹೊತ್ತಾಗ್ತೈತೆ.”

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.